ಇದ್ರಿಸ್ ಸರ್ ಬಿಗಿದ ರಿಂಗು

ಖಾನಾಪುರದಲ್ಲಿ ಇದ್ರಿಸ್ ಸರ್ ತಲೆ ಬಗ್ಗಿಸದೆ ದಾಟಬಹುದಾದ ಬಾಗಿಲೇ ಇರಲಿಲ್ಲ. ನಮ್ಮ ಮನೆಗೆ ಬರುವಾಗಲಂತೂ ಸೊಂಟದಿಂದಲೇ ಬಾಗಬೇಕಿತ್ತು. "ನಮ್ಮ ಮನಿಗಿ ಇಷ್ಟು ಮರ್ಯಾದಿ ಕೊಟ್ಟು ಬರೋರು ನೀವೊಬ್ಬರ ನೋಡ್ರಿ ಸರ್," ಎಂದು ಅವ್ವ ನಗುತ್ತಿದ್ದಳು. ಅವಳು ಕೊಟ್ಟ ಚಹಾದ ಕಪ್ಪು ಅವರ ಅಂಗೈಯಲ್ಲಿ ಕಾಣದಂತಾಗುತ್ತಿತ್ತು.

ಸುಡಾನ್ ದೇಶದಿಂದ ಬೆಳಗಾವಿಗೆ ಓದಲು ಬಂದವರು. ನೆಹರು ನಗರದಲ್ಲಿ ರೂಮು, ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಟ. ಅವರ ಆಟ ನೋಡಲೆಂದೇ ಬೇರೆ ಕಾಲೇಜಿನವರು ಬಂದು ಕೂರುತ್ತಿದ್ದರಂತೆ. ಮೊಣಕಾಲು ಕೈಕೊಟ್ಟಿತು, ಆಟ ನಿಂತಿತು. ಅಷ್ಟರಲ್ಲಿ ಅವರ ಊರಲ್ಲಿ ಯುದ್ಧ. ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು ಇಲ್ಲೇ ಉಳಿದರು. ಭಾನುವಾರ ರೈಲು ಹತ್ತಿ, ದಾರಿಯ ದೇಸೂರಿನಲ್ಲಿ ಕಾದಿರುತ್ತಿದ್ದ ನಮ್ಮ ತಂಡದ ಹುಡುಗಿಯರನ್ನೂ ಕೂಡಿಸಿಕೊಂಡು, ನಮ್ಮ ಶಾಲೆಗೆ ಆಟ ಕಲಿಸಲು ಬರುತ್ತಿದ್ದರು. ಎಲ್ಲರಿಗೂ 'ರೀ'. ಚೆಂಡನ್ನೂ ಬಿಟ್ಟಿರಲಿಲ್ಲ. ರಿಂಗಿನ ಅಂಚಿನಲ್ಲಿ ಅದು ಸುತ್ತತೊಡಗಿದರೆ, "ಬರ್ರಿ, ಒಳಗ ಬರ್ರಿ," ಎಂದು ಕೈಮುಗಿಯುತ್ತಿದ್ದರು.

ಆ ರಿಂಗನ್ನು ಕಾರ್ಖಾನೆಯಲ್ಲಿ ಮಾಡಿಸಿ ತಂದು ಬಿಗಿದವರೂ ಅವರೇ. ಅವತ್ತು ಅಳತೆಯ ಟೇಪು ಮರೆತಿದ್ದರು. ಕೈ ಮೇಲೆತ್ತಿ, "ನನ್ನ ಬೆರಳು, ಅದರ ಮ್ಯಾಲ ಎರಡು ಗೇಣು. ಇಷ್ಟ," ಎಂದರು. ಅವರ ಗೇಣೆಂದರೆ ಸಾಮಾನ್ಯ ಗೇಣೇ? ರಿಂಗು ಇರಬೇಕಾದ್ದಕ್ಕಿಂತ ಮೇಲೆ ಹೋಗಿತ್ತು. ಬೆಳಗಾವಿಯ ಮೊದಲ ಮ್ಯಾಚಿನಲ್ಲಿ ನಾವು ಎಸೆದ ಚೆಂಡೆಲ್ಲ ರಿಂಗಿನ ಮೇಲಿಂದಲೇ ಹಾರಿಹೋದವು. ಸೋತು ಮಣ್ಣುಮುಕ್ಕಿದೆವು.

ವಾಪಸು ಬರುವಾಗ ನಾನು ರೈಲಿನಲ್ಲಿ ಅತ್ತೇಬಿಟ್ಟೆ. "ಅಳಬ್ಯಾಡ್ರಿ, ತಪ್ಪು ನಂದು. ನನ್ನ ಕೈ ಉದ್ದ ಐತಿ," ಎಂದರು. ದೇಸೂರು ದಾಟಿದ ಮೇಲೆ ಮತ್ತೆ ಹೇಳಿದರು: "ಖರೇ ಹೇಳ್ತೀನ್ರಿ, ರಿಂಗು ಅಲ್ಲೇ ಇರ್ಲಿ. ಮ್ಯಾಲಿಂದು ಕಲತವರಿಗಿ ಕೆಳಗಿಂದು ಹಗುರ ಆಗ್ತದ. ಮ್ಯಾಚ್ ಬಂದಾಗ ನಾನ ಇಳಸ್ತೀನಿ."

ಅದೇ ರೂಢಿಯಾಯಿತು. ರಿಂಗು ಬಿಗಿದ ಹಲಗೆಯಲ್ಲಿ ಕೆಳಗೆ ಬೇರೆ ತೂತು ಕೊರೆದರು. ಮ್ಯಾಚ್ ಹತ್ತಿರ ಬಂತೆಂದರೆ ಪಾನಾ ಹಿಡಿದು ಬೆಂಚು ಹತ್ತಿ, ಬೋಲ್ಟು ಬಿಚ್ಚಿ, ರಿಂಗು ಇಳಿಸುವರು. ಮುಗಿದ ಮುಂದಿನ ಭಾನುವಾರ ಮತ್ತೆ ಮೇಲೆ. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಆ ಎತ್ತರದ ರಿಂಗಿನಿಂದಲೇ ನಾನು ವಿಶ್ವವಿದ್ಯಾಲಯದ ತಂಡ ಸೇರಿದೆ, ಅದೇ ಶಾಲೆಯಲ್ಲಿ ಆಟ ಕಲಿಸುವ ಟೀಚರೂ ಆದೆ.

ಸರ್ ಅವರ ತಾಯಿ ಯುದ್ಧಕ್ಕೆ ಹೆದರಿ ಊರು ಬಿಟ್ಟು, ಪರದೇಶದಲ್ಲಿ ಮಗಳ ಜೊತೆ ಇದ್ದರು. ಅಲ್ಲಿ ಹಾಸಿಗೆ ಹಿಡಿದರೆಂದು ಸುದ್ದಿ ಬಂತು. ಹೊರಡುವ ದಿನ ಸರ್ ಪಾನಾವನ್ನು ಅವ್ವನ ಕೈಗೆ ಕೊಟ್ಟರು. "ಅವ್ವಾರ, ಇದು ನಿಮ್ಮ ಹತ್ರ ಇರ್ಲಿ. ನಮ್ಮವ್ವನ ನೋಡಿ ಬರ್ತೀನಿ. ಮ್ಯಾಚಿಗಿ ನಾನ ಬಂದು ಇಳಸ್ತೀನಿ." ಬಾಗಿ ಹೊರಗೆ ಹೋದರು. ಅವ್ವ ಪಾನಾಕ್ಕೆ ಎಣ್ಣೆ ಸವರಿ ದೇವರ ಗೂಡಿನ ಬಾಜೂಕ ಇಟ್ಟಳು.

ಮರಳಿ ಬರಲು ವೀಸಾ ಸಿಗಲಿಲ್ಲ. ಈ ತಿಂಗಳು, ಮುಂದಿನ ತಿಂಗಳು ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದರು. ಭಾನುವಾರ ರೈಲಿನ ಸದ್ದು ಕೇಳಿದರೆ ನನ್ನ ಜೀವ ಈಗಲೂ ಆ ಕಡೆ ಎಳೆಯುತ್ತದೆ. ಅವರು ಹೋದ ಮೇಲಿನ ಮೊದಲ ಮ್ಯಾಚ್ ಹತ್ತಿರ ಬಂದಾಗ ಹುಡುಗಿಯರು, "ರಿಂಗು ಯಾವಾಗ ಇಳಸೂದ್ರಿ ಟೀಚರ್?" ಎಂದು ಕೇಳಿದರು. "ಸರ್ ಬರ್ತಾರ," ಎಂದೆ. ನಂಬಿಯೇ ಹೇಳಿದ್ದೆ.

ಸಂಜೆ ಅವರ ಫೋನು ಬಂತು. ಮ್ಯಾಚಿನ ವಿಷಯ ಹೇಳಿದೆ. ತಾರೀಖು ಕೇಳಿದರು.

"ನೀವ ಇಳಸ್ರಿ," ಎಂದರು. "ಬಲಗಡಿ ಬೋಲ್ಟ್ ಭಾಳ ಬಿಗಿ ಐತಿ. ಸಾವಕಾಶ ತಿರುವ್ರಿ."

ಹಾಗಾದರೆ ನೀವು ಬರುವುದಿಲ್ಲವೇ ಎಂದು ನಾನು ಕೇಳಲಿಲ್ಲ. "ಹೂಂ ಸರ್," ಎಂದೆ.

ಬೆಳಿಗ್ಗೆ ಪಾನಾ ತೆಗೆದುಕೊಂಡು ಮೈದಾನಕ್ಕೆ ಹೋದೆ. ಬೆಂಚು ಹತ್ತಿದೆ, ಕೈ ಎಟುಕಲಿಲ್ಲ. ಅದರ ಮೇಲೆ ಇನ್ನೊಂದು ಬೆಂಚು ಇಟ್ಟು ಹತ್ತಿದೆ. ಸರ್‌ಗೆ ಒಂದೇ ಸಾಕಾಗುತ್ತಿತ್ತು.