ಗೆಲ್ಲಲು ಬಾರದ ಪಂಕ್ತಿ

ನನ್ನ ಮೈದುನನ ಎಡಗೈಯಲ್ಲಿ, ಮೊಣಕೈಯಿಂದ ಕೆಳಗೆ, ಒಂದು ರಕ್ತನಾಳ ಹೆಬ್ಬೆರಳ ದಪ್ಪ ಉಬ್ಬಿಕೊಂಡಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲವಾಗಲೆಂದು ಡಾಕ್ಟರು ಒಳಗಿನ ನಾಳಗಳನ್ನು ಕೂಡಿಸಿದ್ದ ಜಾಗ ಅದು. ಬೆರಳಿಟ್ಟರೆ ಒಳಗೆ ಗುಂಯ್ ಎಂದು ನಡುಗುತ್ತಿತ್ತು. ನಮ್ಮ ರಬಕವಿಯ ಮನೆಯ ಗೋಡೆಗೆ ಕೈ ಹಚ್ಚಿದರೂ ಹಾಗೆಯೇ ಆಗುತ್ತದೆ, ಹಿಂದಿನ ಓಣಿಯ ಮಗ್ಗಗಳು ನಡೆಯುತ್ತಿರುವಾಗ. ಮನೆಗೆ ಬಂದವರು "ಹೆಂಗಿದ್ದೀಪಾ ಈಗ" ಎಂದು ಮರುಕದ ದನಿ ತೆಗೆದರೆ ಸಾಕು, ಅವನು ತೋಳು ಚಾಚುತ್ತಿದ್ದ.

"ಕೈ ಇಟ್ಟ ನೋಡ್ರಿ. ಹೆದರಬ್ಯಾಡ್ರಿ, ಶಾಕ್ ಹೊಡ್ಯೂದಿಲ್ಲ."

ಬಂದವರು ಬಿಸಿ ಚಹಾವನ್ನೇ ಗಟಗಟ ಕುಡಿದು ಏಳುತ್ತಿದ್ದರು. ಅವರು ಅಂಗಳ ದಾಟುವ ಮೊದಲೇ ಅವನು ನನ್ನ ಕಡೆ ತಿರುಗಿ, "ವೈನಿ, ಮಂದೀನ ಹೊರಗ ಹಾಕೂದು ಎಷ್ಟ ಸರಳ ನೋಡ್ರಿ" ಎನ್ನುತ್ತಿದ್ದ.

ಅವನು ತೀರಿಕೊಂಡ ಮೇಲೆ ಊರಿನವರೆಲ್ಲ ಅವನನ್ನು ಬಹಳ ಒಳ್ಳೆಯ ಹುಡುಗ ಎಂದರು. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವನು ಒಳ್ಳೆಯ ಹುಡುಗನಾಗಿರಲಿಲ್ಲ. ಕೆಣಕುತ್ತಿದ್ದ, ಹಟ ಮಾಡುತ್ತಿದ್ದ, ಮಾಡಿದ ಅಡುಗೆಯಲ್ಲಿ ಕೊಂಕು ತೆಗೆಯುತ್ತಿದ್ದ. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಮ್ಮಿಬ್ಬರಿಗೂ ಜಗಳವಿಲ್ಲದ ವಾರ ಇರಲಿಲ್ಲ. ಈಗ ಬೇರೆಯವರು ಬಂದು ಅವನನ್ನು ಮೆತ್ತಗೆ ಮಾಡಿ ನನ್ನ ಕೈಗೆ ಕೊಡುತ್ತಾರೆ. ಅಂಥವನು ನನಗೆ ಬೇಡ.

ಅವನು ಮೊಬೈಲ್ ಆಟಗಳಿಗೆ ಬರೆಯುತ್ತಿದ್ದ. ಚಿತ್ರ ತೆಗೆಯುವುದು, ಅದನ್ನು ಓಡುವಂತೆ ಮಾಡುವುದು ಬೇರೆಯವರ ಕೆಲಸ. ಆಟದೊಳಗಿನ ಮಂದಿ ಏನು ಮಾತಾಡಬೇಕು, ಯಾವ ನಿಯಮಕ್ಕೆ ಬಗ್ಗಬೇಕು, ಯಾಕೆ ಮುನಿಸಿಕೊಳ್ಳಬೇಕು ಎನ್ನುವುದು ಇವನ ಕೆಲಸ. ದೂರದ ಒಂದು ಕಂಪನಿ ತನ್ನ ಆಟಗಳ ಕನ್ನಡ ಮಾತುಗಳನ್ನು ಇವನಿಂದ ಬರೆಸುತ್ತಿತ್ತು. ಆಡುವವರು ಒಂದೇ ಪಾತ್ರವನ್ನು ಮತ್ತೆ ಮತ್ತೆ ಮುಟ್ಟಿ ಮಾತಾಡಿಸುತ್ತಾರಂತೆ. ಹಾಗೆ ಕಾಡಿದಾಗ ಆ ಪಾತ್ರ ಏನನ್ನಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕು. ಅದಕ್ಕೆ ಅವನು ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದ.

"ವೈನಿ, ಅನ್ನ ಆತೇನ್ರಿ?"

"ಆಗ್ಯದ."

"ವೈನಿ, ಅನ್ನ ಆತೇನ್ರಿ?"

"ಆಗ್ಯದ ಅಂದ್ನೆಲ್ಲ."

"ವೈನಿ, ಅನ್ನ ಆತೇನ್ರಿ?"

"ನಿನ್ನ ಬಾಯಾಗ ಮಣ್ಣ ಹಾಕ."

"ಇದು ಛಲೋ ಅದ" ಎಂದು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದ. ಯಾವುದೋ ರಾಜನ ಕೋಟೆಯ ಬಾಗಿಲಲ್ಲಿ ಭರ್ಚಿ ಹಿಡಿದು ನಿಂತ ಕಾವಲುಗಾರನೊಬ್ಬ ಇವತ್ತಿಗೂ ನನ್ನ ಮಾತಿನಲ್ಲಿ ಬೈಯುತ್ತಾನೆ.

ಡಯಾಲಿಸಿಸ್‌ಗೆ ಜಮಖಂಡಿಗೆ ಹೋಗಬೇಕಿತ್ತು. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ರಜೆ ಸಿಗುತ್ತಿರಲಿಲ್ಲ, ಹಾಗಾಗಿ ಬಸ್ಸಿನಲ್ಲಿ ಜೊತೆಗೆ ಹೋಗುತ್ತಿದ್ದವಳು ನಾನು. ಒಮ್ಮೆ ಅವನು ಕೇಳಿದ: "ನೀವು ನನ್ನ ಜೋಡಿ ಬರೂದು ಪುಣ್ಯಾ ಬರಲಿ ಅಂತೇನು?"

"ನಿಮ್ಮಣ್ಣಗ ರಜಾ ಇಲ್ಲ, ಅದಕ್ಕ ಬರ್ತೀನಿ."

"ಛಲೋ ಆತು. ಪುಣ್ಯಾ ಅಂದಿದ್ರ ನಿಮ್ಮನ್ನ ಇಲ್ಲೇ ಇಳಸತಿದ್ದೆ."

ಬಸ್ಸಿನಲ್ಲಿ ಕೂತರೆ ಅವನಿಗೆ ಕಂಡದ್ದೆಲ್ಲ ಆಟವಾಗುತ್ತಿತ್ತು. ಕಿಟಕಿಯಿಂದ ಟಾವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿ, "ಟಾವೆಲ್ ಹಾಕಿದಾಂವಂದು ಸೀಟೋ, ಮೊದಲ ಬಂದು ಕೂತಾಂವಂದೋ? ಇದರ ಮ್ಯಾಲೆ ಒಂದು ಆಟ ಮಾಡಬೇಕು. ಕಡೀಕ ಇಬ್ಬರೂ ನಿಂತ ಹೋಗಬೇಕು" ಎಂದ.

"ಇಬ್ಬರೂ ಯಾಕ ನಿಲ್ಲಬೇಕು?"

"ಕಂಡಕ್ಟರ್ ಅವರಿಗಿಂತ ಮೊದಲ ತನ್ನ ಚೀಲ ಇಟ್ಟಿರತಾನ."

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವಾಗ, ಮುಂದಿನದನ್ನು ದಾಟಿದರೆ ಅದರ ಮುಂದೆ ಇನ್ನೊಂದು ಇರುವ, ಮುಗಿಯದ ರಸ್ತೆಯ ಆಟವೊಂದನ್ನು ಕಟ್ಟಿದ. ಬೀಗರ ಮನೆಯಿಂದ ಚಹಾ ಕುಡಿಯದೆ ಹೊರಬೀಳುವ ಆಟವನ್ನು ನಿಜವಾಗಿಯೂ ಬರೆದು ಮುಗಿಸಿದ. ಅದನ್ನು ನಾನು ಆಡಿದ್ದೇನೆ. ಚಪ್ಪಲಿ ಮೆಟ್ಟಿ ಬಾಗಿಲ ಹೊರಗೆ ಬಂದರೂ ಮನೆಯ ಯಜಮಾನಿ ಕಪ್ಪು ಹಿಡಿದು ಗೇಟಿನ ತನಕ ಬರುತ್ತಾಳೆ.

ಆದರೆ ಅವನ ಜೀವ ಇದ್ದದ್ದು ಬೇರೊಂದು ಆಟದಲ್ಲಿ. ಅದರ ಹೆಸರು 'ಪಂಕ್ತಿ'. ಕಂಪನಿಗಾಗಿ ಅಲ್ಲ, ತನಗಾಗಿ ಮಾಡುತ್ತಿದ್ದ. ಬನಹಟ್ಟಿಯ ನೇಕಾರರ ಮನೆಯ ಹುಡುಗಿಯೊಬ್ಬಳು, ಕಂಪ್ಯೂಟರ್ ಓದಿದವಳು, ಚಿತ್ರ ಬರೆದು ಅದನ್ನು ಓಡಿಸುವ ಕೆಲಸ ಹೊತ್ತಿದ್ದಳು. ಆಟ ಇಷ್ಟೇ: ಹಬ್ಬದೂಟಕ್ಕೆ ಬಂದ ನೆಂಟರನ್ನು ಸಾಲಾಗಿ ಕೂರಿಸಿ ಬಡಿಸಬೇಕು. ಒಬ್ಬರಿಗೆ ಇನ್ನೊಬ್ಬರ ಮಗ್ಗುಲಲ್ಲಿ ಕೂರಲು ಆಗುವುದಿಲ್ಲ. ಒಬ್ಬರಿಗೆ ತುಪ್ಪ ಮೊದಲು ತಮ್ಮ ಎಲೆಗೇ ಬೀಳಬೇಕು. ನಮ್ಮ ಮನೆಗಳಲ್ಲಿ ಇರುವಂತೆ, ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳಬಾರದು. ನಡುವೆ ಯಾರಾದರೂ ಎದ್ದರೆ ಉಳಿದವರ ಊಟವೂ ಕೆಟ್ಟಂತೆ, ಆಟ ಸೋತಂತೆ.

ಕೊನೆಯ ಸುತ್ತಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಂತಿರುತ್ತಾರೆ. ಅವರು ನಮ್ಮ ಅತ್ಯಾ, ಅಂದರೆ ಮಾವನವರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮಾವನವರ ತಮ್ಮ, ಮುಧೋಳದ ಕಾಕಾ, ಊಟಕ್ಕೆ ಬಂದಾಗ ಅತ್ಯಾ ಪಂಕ್ತಿಯಲ್ಲಿ ಕೂರುವುದಿಲ್ಲ. ಕೂರಬೇಡ ಎಂದು ಕಾಕಾ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಅವರು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಎಲೆ ಮುಟ್ಟದೆ, ಸುಮ್ಮನೆ ಕೂರುತ್ತಾರೆ. ಅತ್ಯಾ "ನನಗಿನ್ನೂ ಹಸಿವಿಲ್ಲ" ಎಂದು ಒಳಗೆ ಹೋದ ಮೇಲೆ ಅನ್ನ ಕಲಸುತ್ತಾರೆ. ಆಟದಲ್ಲೂ ಹಾಗೆಯೇ ಒಬ್ಬರು ಮೊಣಕಾಲ ಮೇಲೆ ಕೈಯಿಟ್ಟು ಕೂತಿರುತ್ತಾರೆ. ಅತ್ಯಾನನ್ನು ಸಾಲಿನಲ್ಲಿ ಕೂರಿಸಿದರೆ ಆ ಕಾಕಾ ಎದ್ದುಬಿಡುತ್ತಾರೆ. ಕೂರಿಸದಿದ್ದರೆ ಎಲ್ಲರೂ ಉಂಡು ತೇಗಿ ಏಳುತ್ತಾರೆ, ಆಗ ಪರದೆಯ ಮೇಲೆ 'ಒಬ್ಬರು ಉಳಿದಾರ' ಎಂದು ಬರುತ್ತದೆ. ಅದೂ ಸೋಲೇ.

ನಾನು ಅತ್ಯಾನನ್ನು ಸಾಲಿನ ತುದಿಗೆ ಕೂರಿಸಿದೆ, ಮಕ್ಕಳ ನಡುವೆ ಕೂರಿಸಿದೆ, ಕಾಕಾನಿಗೆ ಹೋಳಿಗೆ ಬಡಿಸಿದ ಮೇಲೆ ಮೆಲ್ಲಗೆ ಕೂರಿಸಿದೆ. ಪ್ರತಿ ಸಲವೂ ಕಾಕಾ ಎದ್ದರು.

"ಇದನ್ನ ಗೆಲ್ಲಲಿಕ್ಕೆ ಬರೂದಿಲ್ಲೇನು?"

"ಬರೂದಿಲ್ಲ."

"ಮತ್ತ ಆಡೂದ್ಯಾಕ?"

"ಲಗ್ನಾ ಆದಾಗಿಂದ ನೀವು ಈ ಮನ್ಯಾಗ ಆಡ್ಲಿಕತ್ತಿಲ್ಲೇನು?"

ಆ ದಿನ ನಾನು ಅವನ ಜೊತೆ ಮಾತು ಬಿಟ್ಟೆ.

ಅತ್ಯಾನಿಗೂ ಇದು ಸೇರಲಿಲ್ಲ. "ನನ್ನ ಎಲಿ ಮ್ಯಾಲೆ ನಿನ್ನ ಕತಿ ಯಾಕೋ? ನಾ ಏನರ ನಿನ್ನ ಮುಂದ ಅತ್ತೇನು?" ಎಂದು ಕೇಳಿದರು. ಬನಹಟ್ಟಿಯ ಹುಡುಗಿ ಬಂದಾಗ ಅವಳನ್ನು ಪಡಸಾಲೆಯಿಂದ ಒಳಗೆ ಬಿಡದೆ, ಬೇರೆ ಲೋಟದಲ್ಲಿ ನೀರು ಕೊಡುತ್ತಿದ್ದವರೂ ಇದೇ ಅತ್ಯಾ. ಅವನು ಅದನ್ನೂ ಬಿಡಲಿಲ್ಲ. "ಕಾಕಾ ನಿಮಗ ಮಾಡೂದನ್ನ ನೀವು ಈಕಿಗೆ ಮಾಡ್ಲಿಕತ್ತೀರಿ" ಎಂದು ಆ ಹುಡುಗಿಯ ಎದುರಿಗೇ ಹೇಳಿದ. ಅತ್ಯಾ ನೀರಿನ ತಂಬಿಗೆಯನ್ನು ನೆಲಕ್ಕೆ ಕುಕ್ಕಿ ಒಳಗೆ ಹೋದರು. ಹುಡುಗಿ ತಲೆ ತಗ್ಗಿಸಿ, "ನನ್ನ ಸಲುವಾಗಿ ಜಗಳಾ ಮಾಡಬ್ಯಾಡ್ರಿ, ನಾ ಮನಿಯಿಂದ ಬಾಟ್ಲಿ ತರ್ತೇನಿ" ಎಂದಳು.

ಮುಧೋಳದಲ್ಲಿ ಕಾಕಾನ ಮೊಮ್ಮಗನ ಮುಂಜಿವೆ ಇತ್ತು. ಅಷ್ಟರೊಳಗೆ ಮನೆಯ ಹುಡುಗರಲ್ಲಿ ಯಾರೋ ಆಟವನ್ನು ಕಾಕಾನಿಗೆ ತೋರಿಸಿದ್ದರು. ಮೊದಲ ಪಂಕ್ತಿಯಲ್ಲಿ ಕಾಕಾ ಮತ್ತು ಮಾವನವರು ಅಕ್ಕಪಕ್ಕ ಕೂತಿದ್ದರು. ಎದುರಿನ ಸಾಲಿನಲ್ಲಿ ನನ್ನ ಮೈದುನ. ನಾನು ಕೋಸಂಬರಿ ಹಿಡಿದು ಹೊರಟಿದ್ದೆ. ಕಾಕಾ ಎಲ್ಲರಿಗೂ ಕೇಳುವಂತೆ, "ಏನೋ, ಮೊಬೈಲ್‌ನಾಗ ನನ್ನ ಊಟದಿಂದ ಎಬ್ಬಸ್ತೀಯಂತ?" ಎಂದರು.

"ನಾ ಎಬ್ಬಸೂದಿಲ್ಲ ಕಾಕಾ. ನೀವ ಏಳತೀರಿ."

ಕಾಕಾ ಎದ್ದರು. ತಮ್ಮದೇ ಮನೆಯ ಕಾರ್ಯದಲ್ಲಿ, ಅನ್ನದ ಮೇಲೆ ಸಾರು ಬಿದ್ದ ಎಲೆ ಬಿಟ್ಟು, ಯಜಮಾನರೇ ಎದ್ದು ಹೋದರು. ಸಾಲಿನಲ್ಲಿದ್ದವರ ಕೈಗಳು ಎಲೆಯ ಮೇಲೆಯೇ ನಿಂತವು. ಭಟ್ಟರು ಮಾವನವರ ಮುಖ ನೋಡಿದರು, ಮಾವನವರು ನೆಲ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಕೈ ತೊಳೆಯಲು ಹೋದರು. ನನ್ನ ಮೈದುನ ಮಾತ್ರ ಕೂತು, ಉಪ್ಪಿಲ್ಲದ ತನ್ನ ಮೊಸರನ್ನವನ್ನು ಪೂರ್ತಿ ಉಂಡ. ಅವನಿಗೆ ಆಗ ಒಂದು ಏಟು ಹಾಕಬೇಕು ಅನ್ನಿಸಿತ್ತು ನನಗೆ. ಕಾಯಿಲೆಯವನು ಎಂದು ಸುಮ್ಮನಾದೆ.

ಮರಳಿ ಬರುವಾಗ ಜೀಪು ಮಹಾಲಿಂಗಪುರ ದಾಟಿತು. ಆಮೇಲೆ ಮಾವನವರು ಹಿಂದಕ್ಕೆ ತಿರುಗದೆಯೇ ಹೇಳಿದರು: "ಆ ಕಡೀ ಸುತ್ತು ತೆಗಿ. ಇಲ್ಲಾ, ಗೆಲ್ಲೂಹಂಗ ಮಾಡು. ಆಟದಾಗಾದ್ರೂ ಅವ ಕೂಡಲಿ. ನನಗಿರಾಂವ ಒಬ್ಬ ತಮ್ಮ."

"ಅವರು ಖರೇನ ಕೂತ ದಿನಾ ನಾನೂ ಕೂಡಸ್ತೀನಿ, ಅಪ್ಪಾ."

ಅಲ್ಲಿಂದ ಮುಂದೆ ತಂದೆ ಮಗನಿಗೆ ಮಾತು ನಿಂತಿತು. ಮುಧೋಳದ ಮನೆಗೂ ನಮ್ಮ ಮನೆಗೂ ಹೋಗಿಬರುವುದು ನಿಂತಿತು. ಮಾವನವರು ಸಂಜೆ ಕಟ್ಟೆಯ ಮೇಲೆ ಕೂತು ತಮ್ಮನ ನಂಬರ್ ತೆಗೆದು ನೋಡಿ, ಹಾಗೆಯೇ ಫೋನ್ ಮುಚ್ಚುವುದನ್ನು ನಾನು ನೋಡುತ್ತಿದ್ದೆ. ಮೈದುನನೂ ನೋಡುತ್ತಿದ್ದ. ಒಂದು ಸುತ್ತು ಬದಲಿಸಿದ್ದರೆ ಮುಗಿಯುತ್ತಿತ್ತು. ಅವನು ಬದಲಿಸಲಿಲ್ಲ.

ಚಳಿಗಾಲದಲ್ಲಿ ಅವನಿಗೆ ಜ್ವರ ಹತ್ತಿತು. ಜಮಖಂಡಿಯಲ್ಲಿ ನೋಡಿ, ಬೆಳಗಾವಿಗೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ನಾನು ಅವನ ಪಕ್ಕ ಕೂತಿದ್ದೆ. ಅವನು ಕಣ್ಣು ತೆರೆದು, "ಬನಹಟ್ಟಿ ಹುಡುಗಿಗೆ ಹೇಳ್ರಿ, ಕಡೀ ಸುತ್ತು ಇದ್ದಂಗ ಇರಲಿ. ಬದಲಿ ಮಾಡಿದ್ರ ನನಗ ತಿಳೀತದ" ಎಂದ.

"ನಿನಗ ಹೆಂಗ ತಿಳೀತದ?" ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಇಲ್ಲ, ತಿಳ್ಯೂದಿಲ್ಲ. ಅದಕ್ಕ ನಿಮಗ ಹೇಳ್ಲಿಕತ್ತೀನಿ."

ಮರುದಿನ ಮಧ್ಯಾಹ್ನ ಹೋದ. ಮದುವೆಯ ಮಾತು ಎತ್ತಿದವರನ್ನೆಲ್ಲ ತೋಳು ತೋರಿಸಿ ಓಡಿಸಿದ ಹುಡುಗನಿಗೆ ಮೂವತ್ತು ತುಂಬಿರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಕಾಕಾ ಬಂದರು. ಅಷ್ಟು ದಿನ ಬಾರದವರು ಬಂದದ್ದಕ್ಕೆ ಮಾವನವರು ತಾವೇ ಎದ್ದು ಚಾಪೆ ಹಾಸಿದರು. ಇಬ್ಬರೂ ಪಡಸಾಲೆಯಲ್ಲಿ ಕೂತರು. ಅದೇ ಬೆಳಿಗ್ಗೆ ಬನಹಟ್ಟಿಯ ಹುಡುಗಿ ನನಗೆ ಫೋನ್ ಮಾಡಿದ್ದಳು: "ಅಕ್ಕಾರ, ಆಟ ತಯಾರ ಐತ್ರಿ, ಹೊರಗ ಬಿಡಬೇಕಂತ ಮಾಡೇನಿ. ಕಡೀ ಸುತ್ತ ಮುಟ್ಟಾಕ ನನಗ ಮನಸ್ಸಿಲ್ಲ. ಆದ್ರ ಮನಿ ನಿಮ್ಮದು. ತಗೀ ಅಂದ್ರ ತಗೀತೇನ್ರಿ." ಸಂಜೆ ಹೇಳುತ್ತೇನೆ ಎಂದಿದ್ದೆ.

ಕಾಕಾ ಹೇಳಿದರು: "ಅಣ್ಣಾ, ಹುಡುಗ ಹೋದ. ಅವನ ಸಿಟ್ಟೂ ಅವನ ಜೋಡಿ ಹೋಗಲಿ. ಅದನ್ನ ಅಳಿಸಿಬಿಡ್ರಿ. ನಾ ಮೊದಲಿನಂಗ ಬಂದು ಹೋಗಿ ಮಾಡ್ತೀನಿ."

ಮಾವನವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೇಡಿಕೆ ಇತ್ತು, ಇರಲಿಲ್ಲವೆಂದು ನಾನು ಸುಳ್ಳು ಹೇಳಲಾರೆ. ಮಗ ಹೋದ ಮನೆಗೆ ತಮ್ಮನಾದರೂ ಮರಳಿ ಬರಲಿ ಎಂದು ಯಾರಿಗೆ ಅನ್ನಿಸುವುದಿಲ್ಲ? ಕಾಕಾನ ಎದುರಿಗೆ ನಾನು ಅದುವರೆಗೆ 'ಇನ್ನಷ್ಟು ಹಾಕಲೇನ್ರಿ' ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದವಳಲ್ಲ.

"ಅಳಸೂದಿಲ್ಲ ಕಾಕಾ" ಎಂದೆ.

"ನಿನ್ನ ಯಾರು ಕೇಳಿದ್ರು?"

"ಅವ ಕೇಳ್ಯಾನ."

"ಸತ್ತಾಂವನ ಹೆಸರ ಹೇಳಿ ಮನಿ ಮುರೀತೀಯೇನು?"

"ಮುರಿದಿದ್ದನ್ನ ಅವ ಬರದಾನ. ಮುರದಾಂವ ಅವ ಅಲ್ಲ."

ಕಾಕಾ ಅಣ್ಣನ ಕಡೆ ತಿರುಗಿ, "ನಿನ್ನ ಸೊಸಿಗೆ ಬಾಯಿ ಛಲೋ ಬಂದದ" ಎಂದರು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ಯಾ ಮಾತಾಡಿದರು. ದನಿ ಏರಿಸಲಿಲ್ಲ.

"ಅವ ನನ್ನ ಸಲುವಾಗಿ ಬರದಿದ್ದಲ್ಲ. ಅವಗ ಜಗಳಾ ಬೇಕಾಗಿತ್ತು, ಬರದಾ. ಇರಲಿ ಬಿಡ್ರಿ. ಆ ಹುಡುಗಂದು ಜಗಳಾ ಆದ್ರೂ ಉಳೀಲಿ."

ಕಾಕಾ ನೀರನ್ನೂ ಕುಡಿಯದೆ ಹೊರಟರು. ಮತ್ತೆ ಬಂದಿಲ್ಲ. ಮಾವನವರು ಅಂದಿನಿಂದ ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ಚಹಾ ಬೇಕಾದರೆ ನನ್ನ ಗಂಡನಿಗೆ ಹೇಳುತ್ತಾರೆ, ನಾನು ಅಲ್ಲೇ ನಿಂತಿದ್ದರೂ. ಅವರ ಸಿಟ್ಟಿಗೆ ಕಾರಣವಿದೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು ಇಷ್ಟನ್ನೆಲ್ಲ ನನ್ನ ತಲೆಯ ಮೇಲೆ ಹೊರಿಸಿ ಹೋದವನ ಮೇಲೆ. ಆದರೂ, ಈ ಮನೆಯಲ್ಲಿ ನನಗೆ ಎದುರು ಮಾತು ಕೊಟ್ಟು, ಎದುರು ಮಾತು ಪಡೆದವನು ಅವನೊಬ್ಬನೇ. ಆ ರೂಢಿ ಇಲ್ಲದಿದ್ದರೆ ಅಂದು ಪಡಸಾಲೆಯಲ್ಲಿ ನನ್ನ ಬಾಯಿ ತೆರೆಯುತ್ತಿರಲಿಲ್ಲ.

ಆಟ ಹೊರಗೆ ಬಂದಿದೆ. ಬಹಳ ಮಂದಿಯೇನೂ ಆಡುವುದಿಲ್ಲ. ಆಡಿದವರು ಕೊನೆಯ ಸುತ್ತಿಗೆ ಬಂದು ಸಿಕ್ಕಿಕೊಂಡು ಆಟದ ಪುಟದಲ್ಲಿ ಸಿಟ್ಟಿನಿಂದ ಬರೆಯುತ್ತಾರೆ. ಅವರಿಗೆ ಉತ್ತರ ಕೊಡುವ ಕೆಲಸ ಬನಹಟ್ಟಿಯ ಹುಡುಗಿ ನನಗೆ ಹಚ್ಚಿದ್ದಾಳೆ. ಊಟದ ಪಾತ್ರೆ ತೊಳೆದ ಮೇಲೆ ಕೂತು ಓದುತ್ತೇನೆ. ಹೋದ ವಾರ ಯಾರೋ ಒಬ್ಬ ಬರೆದಿದ್ದ: 'ದಿನಗಟ್ಟಲೆ ಆಡಿದೆ. ಗೆಲ್ಲಲು ದಾರಿಯೇ ಇಲ್ಲ. ಇದನ್ನು ಬರೆದವನಿಗೆ ತಲೆ ಇದೆಯಾ? ಸರಿಮಾಡಲು ಹೇಳಿ.'

ಮೊದಲು ವಿನಯದಿಂದ ಬಹಳ ಉದ್ದದ ಉತ್ತರ ಬರೆದೆ. ಓದಿ ನೋಡಿ ಅಳಿಸಿದೆ. ಆಮೇಲೆ ಇಷ್ಟೇ ಬರೆದೆ: 'ಬರೆದವನು ತೀರಿಕೊಂಡಿದ್ದಾನೆ. ತಪ್ಪೇನೂ ಆಗಿಲ್ಲ, ಸರಿಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಯಾರು ಕೊನೆಗೆ ಊಟ ಮಾಡುತ್ತಾರೆ, ಹೋಗಿ ನೋಡಿ.'

ಆತ ಮತ್ತೆ ಬೈದು ಬರೆದ. ನಾನೂ ಬಿಡಲಿಲ್ಲ.