ಎಣ್ಣೆ ಹಚ್ಚದ ಮದುಮಗಳು ಎಲ್ಲಿ?

ಕಳೆದ ಭಾನುವಾರ ನಾನು ಒಂದು ಪ್ಲಾಸ್ಟಿಕ್ ಗೊಂಬೆಗೆ ತಲೆಯಿಂದ ಕಾಲಿನವರೆಗೆ ತೆಂಗಿನೆಣ್ಣೆ ಹಚ್ಚಿ, ಕೆಂಪು ಸೀರೆಯ ತುಂಡು ಸುತ್ತಿ, ಮಣೆಯ ಮೇಲೆ ಕೂರಿಸಿ, ಪಾಲಾರಿವಟ್ಟಂ ಹತ್ತಿರದ ನಮ್ಮ ಚರ್ಚಿಗೆ ಒಯ್ದೆ. ತೊಡೆಯ ಮೇಲೆ ಒಂದು ಪಾತ್ರೆ ತೆಂಗಿನಹಾಲು. ಆಟೋ ಓಡಿಸುವ ಚೇಟ್ಟನ್ ಕನ್ನಡಿಯಲ್ಲಿ ಮೂರು ಸಲ ನೋಡಿದರು. ಏನೆಂದು ಕೇಳುವ ಧೈರ್ಯ ಮಾಡಲಿಲ್ಲ.

ತಪ್ಪು ನನ್ನದಲ್ಲ, ಭಾಷೆಯದು. ಚರ್ಚಿನಲ್ಲಿ ಮಕ್ಕಳಿಗೆ ವೇದಪಾಠ ಕಲಿಸುವ ಟೀಚರ್ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದ್ದರು: ಭಾನುವಾರ ಶಾಸ್ತ್ರಮೇಳ, ಪ್ರತಿ ಮಗುವೂ ಒಂದು ಮಾಡೆಲ್ ತರಬೇಕು. ಮಂಗಳೂರಿನಿಂದ ಈ ಮಲಯಾಳದ ನಾಡಿಗೆ ವರ್ಗವಾಗಿ ಬಂದ ಬ್ಯಾಂಕಿನವಳಿಗೆ ಶಾಸ್ತ್ರ ಎಂದರೆ ಏನು? ಶಾಸ್ತ್ರ ಎಂದರೆ ಶಾಸ್ತ್ರ! ನಮ್ಮಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ಎಣ್ಣೆ, ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರ ಇದೆಯಲ್ಲ, ಅದನ್ನೇ ಮಾಡೆಲ್ ಮಾಡಿದೆ.

ಒಳಗೊಳಗೇ ಖುಷಿಯೂ ಇತ್ತು. ಏಕೆಂದರೆ ಹನ್ನೊಂದರ ಮಗಳು ರೀಮಾ ಎರಡು ವಾರದಿಂದ ಮುಷ್ಕರ ಹೂಡಿದ್ದಳು. ನನ್ನ ಅಪ್ಪನಿಗೂ ಎದುರು ಫ್ಲಾಟಿನ ವಯಸ್ಸಾದ ಅಪ್ಪಚ್ಚನಿಗೂ ಒಂದೇ ತಿಂಗಳಲ್ಲಿ ನ್ಯುಮೋನಿಯಾ ಆಯಿತು. ಒಂದೇ ಜಪಮಾಲೆ ಹಿಡಿದು ಅವಳು ಇಬ್ಬರಿಗೂ ಪ್ರಾರ್ಥಿಸಿದಳು. ಅಪ್ಪಚ್ಚನ್ ಈಗ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ನನ್ನ ಅಪ್ಪ ಹೋಗಿಬಿಟ್ಟರು. ಯಾಕೆ ಎಂದು ಕೇಳಿದಳು. ದೇವರನ್ನು ಪರೀಕ್ಷೆ ಮಾಡಬಾರದು, ಸುಮ್ಮನಿರು ಎಂದೆ. ಹಾಗಾದರೆ ಚರ್ಚಿಗೂ ಬರುವುದಿಲ್ಲ ಎಂದಳು. (ಮಲಯಾಳದಲ್ಲಿ. ಜಗಳಕ್ಕೆ ಅವಳು ಕನ್ನಡ ಬಳಸುವುದಿಲ್ಲ.) ನನಗೆ ನಿಜಕ್ಕೂ ಭಯವಾಗಿತ್ತು. ಒಂದು ದಿನ ನಾಲ್ಕು ಒಳ್ಳೆಯ ಶಾಸ್ತ್ರಗಳ ನಡುವೆ ಕೂತರೆ ಹುಡುಗಿ ಸರಿಹೋದಾಳು ಎಂದು ಎಳೆದುಕೊಂಡೇ ಹೋದೆ.

ಹಾಲ್‌ನಲ್ಲಿ ಜ್ವಾಲಾಮುಖಿ ಉಕ್ಕುತ್ತಿತ್ತು. ಪಕ್ಕದ ಮೇಜಿನಲ್ಲಿ ಸೌರಮಂಡಲ ತಿರುಗುತ್ತಿತ್ತು.

ಮಲಯಾಳದಲ್ಲಿ ಶಾಸ್ತ್ರ ಎಂದರೆ ಸೈನ್ಸ್. ರೀಮಾಗೆ ಮೊದಲೇ ಗೊತ್ತಿತ್ತು. ಹೇಳಲಿಲ್ಲ. (ಸೇಡು.)

ತೀರ್ಪುಗಾರರು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಸಿಸ್ಟರ್. ನಮ್ಮ ಗೊಂಬೆಗೆ ಒಂದು ಸುತ್ತು ಬಂದು, ಇದರಿಂದ ಏನು ತೋರಿಸುತ್ತಿದ್ದೀರಿ ಎಂದು ಕೇಳಿದರು. ಮಾನ ಉಳಿಸಿಕೊಳ್ಳಬೇಕಲ್ಲ? ಎಣ್ಣೆ ಹಚ್ಚಿದರೆ ಮದುಮಗಳ ಮುಖಕ್ಕೆ ಕಳೆ ಬರುತ್ತದೆ ಎಂದೆ. ಸಿಸ್ಟರ್ ನಗಲಿಲ್ಲ.

"ಎಣ್ಣೆ ಹಚ್ಚದ ಮದುಮಗಳು ಎಲ್ಲಿ? ಹೋಲಿಸಿ ನೋಡದೆ ಹೇಗೆ ಹೇಳುವುದು?"

ಬ್ಯಾಂಕಿನ ಇನ್‌ಸ್ಪೆಕ್ಷನ್‌ನಲ್ಲೂ ನಾನು ಹಾಗೆ ಬೆವರಿರಲಿಲ್ಲ. ಆಗ ರೀಮಾ ಬಾಯಿಬಿಟ್ಟಳು. ಹೋಲಿಸಲು ನನ್ನ ಹತ್ತಿರ ಇಬ್ಬರಿದ್ದಾರೆ ಎಂದಳು. ಅಜ್ಜ ಮತ್ತು ಅಪ್ಪಚ್ಚನ್. ಪ್ರಾರ್ಥನೆ ಒಂದೇ, ರಿಸಲ್ಟ್ ಯಾಕೆ ಬೇರೆ?

ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ಸಿಸ್ಟರ್ ಮಾರ್ಕ್ಸ್ ಹಾಳೆಯನ್ನು ಕೆಳಗಿಟ್ಟು ಅವಳ ಪಕ್ಕ ಕೂತರು.

"ಗೊತ್ತಿಲ್ಲ ಮೋಳೇ. ನನ್ನ ಅಮ್ಮ ಹೋದಾಗಿನಿಂದ ನಾನೂ ಅದನ್ನೇ ಕೇಳುತ್ತಿದ್ದೇನೆ. ಲ್ಯಾಬಿನಲ್ಲೂ ಕೇಳುತ್ತೇನೆ, ಪ್ರಾರ್ಥನೆಯಲ್ಲೂ ಕೇಳುತ್ತೇನೆ. ಕೇಳಬೇಡ ಅಂತ ದೇವರು ಇನ್ನೂ ಹೇಳಿಲ್ಲ."

ಮಾಡೆಲ್‌ಗೆ ಸೊನ್ನೆ ಬಂತು. ನ್ಯಾಯವೇ.

ಮನೆಗೆ ಬರುವಾಗ ರೀಮಾ, ಸಿಸ್ಟರಿಗೂ ಗೊತ್ತಿಲ್ಲವಂತೆ ಎಂದು ಭಾರಿ ಸಮಾಧಾನದಿಂದ ಹೇಳಿದಳು. ಮುಂದಿನ ವಾರ ಚರ್ಚಿನ ಪೂಜೆಗೆ ಎಷ್ಟು ಗಂಟೆಗೆ ಹೊರಡುವುದು ಎಂದೂ ಕೇಳಿದಳು. ನಾನು ರಸ್ತೆ ನೋಡುವ ಹಾಗೆ ಮುಖ ತಿರುಗಿಸಿಕೊಂಡೆ, ಕಣ್ಣು ತುಂಬಿತ್ತು.

ಅಪ್ಪ ಯಾಕೆ ಹೋದರೆಂದು ನನಗೂ ಗೊತ್ತಿಲ್ಲ. ಅಷ್ಟನ್ನು ಮಗಳಿಗೆ ಹೇಳಲು ನನಗೇನು ಧಾಡಿಯಾಗಿತ್ತು?