ನೀಲಾ ನನ್ನ ಕೈಗೆ ಕೊಟ್ಟದ್ದು

ನೀಲಾ ಲಿಂಗವನ್ನು ಕಳೆಯಲಿಲ್ಲ. ತನ್ನ ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟಿದ್ದಳು. ಕೊಟ್ಟಿಲ್ಲ ಎಂದು ಸುಳ್ಳು ಹೇಳಿದವಳು ನಾನು. ಅವಳಿಗಾಗ ಎಂಟೊಂಬತ್ತು ವರ್ಷ. ನಾನು ಇಪ್ಪತ್ತು ದಾಟಿ ನಾಲ್ಕು ಮನೆಯ ವ್ಯವಹಾರ ಕಂಡವಳು—ತಿಳಿಯದೆ ಆಡಿದೆ ಎನ್ನುವ ವಯಸ್ಸಲ್ಲ.

ಮೊದಲೇ ಇದನ್ನು ಬರೆದಿಟ್ಟೆ. ವ್ಯಾಪಾರ ಮಾಡಿ ಬದುಕಿದವಳು ನಾನು. ಮಾತನ್ನು ಸುತ್ತಿ ಬಳಸಿ ಎದುರಿನವರಿಗೆ ಒಪ್ಪುವಂತೆ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ. ನಿಧಾನವಾಗಿ ಹೇಳಲು ಹೊರಟರೆ ಕೊನೆಗೆ ನೀವೇ ನನ್ನನ್ನು ಸಮಾಧಾನ ಮಾಡುವಂತೆ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಯನಗರದಲ್ಲಿ ಆಗಿನ್ನೂ ಸೈಟಿನ ಕಲ್ಲುಗಳ ನಡುವೆ ರಾಗಿ ಬೆಳೆಯುತ್ತಿದ್ದರು. ನಮ್ಮಪ್ಪ ಗಿರಣಿ ಕೆಲಸಗಾರ; ಅವರು ತೀರಿಕೊಂಡ ಮೇಲೆ ನಾನು ಚಿಕ್ಕಪೇಟೆಯಿಂದ ಕಟ್‌ಪೀಸ್ ಬಟ್ಟೆ ತಂದು, ಚೀಲ ಹೊತ್ತು, ರಾಜಾಜಿನಗರ, ಹೊಸಹಳ್ಳಿ, ಬಾಪೂಜಿನಗರದ ಮನೆಮನೆಗೆ ಹೋಗಿ ಮಾರುತ್ತಿದ್ದೆ. ಯಾವ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳು, ಯಾರಿಗೆ ಯಾವ ಬಣ್ಣ ಇಷ್ಟ, ಅತ್ತೆ ಮಲಗಿದ ಮೇಲೆ ಕೊಳ್ಳುವ ಸೊಸೆ ಯಾರು—ಎಲ್ಲ ನನಗೆ ಗೊತ್ತಿತ್ತು. ಅದಕ್ಕೇ ನಮ್ಮ ಸಭೆಯ ಅಯ್ಯನವರು—ನಾವು ಪಾದ್ರಿಗಳನ್ನು ಹಾಗೆನ್ನುತ್ತೇವೆ—ಬೇಸಿಗೆಯಲ್ಲಿ ಮಕ್ಕಳ ರಜಾ ಶಾಲೆ ಶುರುಮಾಡಿದಾಗ ಮೊದಲು ನನ್ನನ್ನೇ ಕರೆದರು. ಸುಗುಣಾ, ಪಾಠ ಹೇಳುವವರು ಸಿಕ್ಕಾರು, ಮಕ್ಕಳನ್ನು ಕರೆತರುವವರು ಬೇಕು, ನಿನ್ನ ಕಾಲು ಎಲ್ಲ ಹೊಸ್ತಿಲನ್ನೂ ಬಲ್ಲದು ಎಂದರು.

ಕರೆತಂದೆ. ಹೆಂಚಿನ ಸಭಾಲಯ ತುಂಬಿತು. ಮೂಡಲಪಾಳ್ಯದ ಕಡೆಯಿಂದ ಹೊಲ ದಾಟಿ ಬರಿಗಾಲಲ್ಲಿ ಬರುವ ಮಕ್ಕಳೂ ಇದ್ದರು. ಬೆಳಿಗ್ಗೆ ಹಾಡು, ಆಮೇಲೆ ಕಥೆ—ಫ್ಲಾನೆಲ್ ಬಟ್ಟೆ ಹೊದಿಸಿದ ಹಲಗೆಯ ಮೇಲೆ ಕಾಗದದ ಗೊಂಬೆಗಳನ್ನು ಅಂಟಿಸುತ್ತಾ ಹೇಳುವುದು—ಆಮೇಲೆ ಕೈಕೆಲಸ, ಬನ್ನು, ಹಾಲು. ಬನ್ನು ಮಾರುವವನೊಂದಿಗೆ, ಹಾಲಿನವನೊಂದಿಗೆ ಚೌಕಾಸಿ ನನ್ನದೇ. ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ ಎಂಬುದನ್ನೂ ಬರೆಯಬೇಕು. ಮಕ್ಕಳು ‘ಸುಗುಣಕ್ಕ’ ಎಂದು ಸೆರಗು ಹಿಡಿದು ಓಡಾಡುತ್ತಿದ್ದರು.

ನೀಲಾಳ ಮನೆಯವರು ದಾವಣಗೆರೆ ಕಡೆಯ ಲಿಂಗಾಯತರು. ತಂದೆ ಹೊಸಹಳ್ಳಿಯಲ್ಲಿ ಬೆಲ್ಲ, ಬೇಳೆಯ ಮಂಡಿ ಇಟ್ಟಿದ್ದರು. ತಾಯಿ ನನ್ನ ಗಿರಾಕಿ. ಮನೆಯಲ್ಲಿ ನಡೆಯುತ್ತಿದ್ದುದು ಮಾತ್ರ ಅಜ್ಜಿಯ ಮಾತು. ಬೆಳಗಾದರೆ ಅಜ್ಜಿ ಮತ್ತು ಮೊಮ್ಮಗಳು ಅಕ್ಕಪಕ್ಕ ಕೂತು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆ ಮಾಡುವರು. ಅದಾಗದೆ ಇಬ್ಬರೂ ನೀರು ಸಹ ಮುಟ್ಟುತ್ತಿರಲಿಲ್ಲ. ಆ ವರ್ಷವೇ ಮಗುವಿಗೆ ದೀಕ್ಷೆಯಾಗಿತ್ತು. ಬಟ್ಟೆ ಬಿಡಿಸಿ ತೋರಿಸಲು ನಾನು ಕಾಯುತ್ತಾ ಕೂತಿರುವಾಗ ಅವರಿಬ್ಬರ ಬೆನ್ನನ್ನು ಎಷ್ಟೋ ಸಲ ನೋಡಿದ್ದೇನೆ—ಒಂದು ಬಾಗಿದ ಬೆನ್ನು, ಒಂದು ಪುಟ್ಟದು.

ರಜಾ ಶಾಲೆಗೆ ಕಳಿಸಲು ಅಜ್ಜಿ ಒಪ್ಪಿರಲಿಲ್ಲ. ನನ್ನ ಹಟ ನಿಮಗೆ ಗೊತ್ತಿಲ್ಲ. ಬೇಡವೆಂದವರಿಗೇ ಬಟ್ಟೆ ಮಾರಿದವಳು. ಹಾಡು, ಕಥೆ, ಹೊಲಿಗೆ ಕಲಿಯುತ್ತಾಳೆ, ಬಿಸಿಲಲ್ಲಿ ಅಲೆಯುವುದು ತಪ್ಪುತ್ತದೆ ಎಂದೆಲ್ಲ ಹೇಳಿದೆ. ಅಜ್ಜಿ ಜಗ್ಗಲಿಲ್ಲ. ಕೊನೆಗೆ ಹೇಳಿದೆ:

“ಅಜ್ಜಿ, ನಿಮ್ಮ ಮಗು ಹೆಂಗೆ ಬರ್ತಾಳೋ ಹಂಗೇ ನಿಮ್ಮನೆಗೆ ವಾಪಸ್ ಕಳಿಸ್ತೀನಿ. ನಾನು ಜವಾಬ್ದಾರಿ.”

ಅಜ್ಜಿ “ಮಾತು ಕೊಟ್ಟೀಯವ್ವ, ನೆಪ್ಪಿರ್ಲಿ” ಎಂದರು.

ಕೊನೆಯ ದಿನ ಕಾರ್ಯಕ್ರಮ. ಹೆತ್ತವರು ಬರುತ್ತಾರೆ, ಬೇರೆ ಸಭೆಗಳ ಹಿರಿಯರೂ ಬರುತ್ತಾರೆ. ಹುಡುಗಿಯರ ಅಭಿನಯ ಗೀತೆಗೆ ಬಿಳಿ ಫ್ರಾಕು ಬೇಕಿತ್ತು. ಬಟ್ಟೆ ನಾನೇ ತಂದು ನಾನೇ ಹೊಲಿದೆ. ತಂದದ್ದು ಸಾಲದೆ, ಇನ್ನೊಂದು ತುಂಡು ತರುವ ಬದಲು ಎಲ್ಲ ಫ್ರಾಕುಗಳ ಕುತ್ತಿಗೆಯನ್ನೂ ಅಗಲ ಮಾಡಿ ಬಟ್ಟೆ ಉಳಿಸಿದೆ—ಜಾಣತನ ಎಂದುಕೊಂಡೆ. ನೀಲಾ ಫ್ರಾಕು ತೊಟ್ಟು ಬಂದಾಗ ಆ ಅಗಲ ಕುತ್ತಿಗೆಯಲ್ಲಿ ಅವಳ ಶಿವದಾರ, ಅದರ ತುದಿಯಲ್ಲಿ ಲಿಂಗವನ್ನಿಡುವ ಪುಟ್ಟ ಬೆಳ್ಳಿ ಕರಡಿಗೆ ಎದ್ದು ಕಾಣುತ್ತಿತ್ತು. ಕಂಡರೇನು? ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ಆದರೆ ಮುಂದಿನ ಸಾಲಿನಲ್ಲಿ ಹಿರಿಯರು ಕೂತಿದ್ದರು, ಎಲ್ಲ ಒಂದೇ ತರಹ ಕಾಣಬೇಕು ಎಂಬ ಹುಚ್ಚು ನನಗೆ. ತೆಗಿ ಎಂದೆ.

“ಇದನ್ನ ತೆಗೀಬಾರ್ದು ಅಕ್ಕ. ಅಜ್ಜಿ ಹೇಳಾರೆ.”

“ಹಾಡು ಮುಗಿಯೋವರ್ಗೂ ಅಷ್ಟೇ ಕಣೇ. ನನ್ ಹತ್ರಾನೇ ಇರತ್ತೆ. ನನ್ನ ನಂಬಲ್ವಾ?”

ನನ್ನ ಕೊರಳಿನ ಸರದಲ್ಲೂ ಒಂದು ಪುಟ್ಟ ಶಿಲುಬೆ ಇತ್ತು. ಅದನ್ನು ಬಿಚ್ಚು ಎಂದು ಯಾರಾದರೂ ಅಂದಿದ್ದರೆ ನಾನು— ಆ ಯೋಚನೆಯೇ ಬರಲಿಲ್ಲ. ಬೆಳ್ಳಿ ಕಂಡಿತು, ಒಡವೆ ಎಂದುಕೊಂಡೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಎರಡೂ ಕೈಯಿಂದ ಕೊಟ್ಟಳು. “ನೆಲಕ್ಕೆ ಇಡಬ್ಯಾಡ್ರಿ ಅಕ್ಕ” ಎಂದಳು. ಉಳಿದ ಬಿಳಿ ಬಟ್ಟೆಯ ಮಡಿಕೆಯೊಳಗೆ ಸುತ್ತಿ ನನ್ನ ಚೀಲಕ್ಕೆ ಹಾಕಿದೆ.

ಹಾಡು ಚೆನ್ನಾಯಿತು. ಆಮೇಲೆ ಬಹುಮಾನ, ಬನ್ನು, ಗದ್ದಲ. ಅವಳು ಒಂದು ಸಲ ಬಂದು ಕೇಳಿದಳು. ತಡಿಯೇ, ಕೈ ಬಿಡುವಿಲ್ಲ ಎಂದೆ. ಇನ್ನೊಂದು ಸಲ ಬಂದಾಗ ನಾನು ಹಿರಿಯರಿಗೆ ಕಾಫಿ ಕೊಡುತ್ತಿದ್ದೆ, ಕಣ್ಣಿನಲ್ಲೇ ಗದರಿಸಿದೆ. ಅಷ್ಟರಲ್ಲಿ ಅವರ ಮಂಡಿಯ ಆಳು ಸೈಕಲ್ಲಿನಲ್ಲಿ ಬಂದು ಅವಳನ್ನು ಕೂರಿಸಿಕೊಂಡು ಹೋದ. ನಾನು ಮರೆತೆ. ಮರೆತದ್ದು ತಪ್ಪೇ, ಆದರೆ ನಾನು ಹೇಳಲು ಹೊರಟ ತಪ್ಪು ಅದಲ್ಲ.

ಹಿರಿಯರು ಇನ್ನೂ ಹೊರಟಿರಲಿಲ್ಲ, ತಂದೆ ಮಗಳ ಕೈಹಿಡಿದು ಬಂದರು. ಹಿಂದೆ ಅಜ್ಜಿ. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ತಂದೆ ಕೈಮುಗಿದೇ ಮಾತಾಡಿದರು. ಮಗುವಿನ ಕೊರಳಲ್ಲಿ ಲಿಂಗವಿಲ್ಲ, ನಿಮ್ಮ ಕೈಲಿ ಕೊಟ್ಟೆ ಅನ್ನುತ್ತಾಳೆ, ನೋಡಿ ಕೊಡಿ ತಾಯಿ ಎಂದರು. ಎಲ್ಲರೂ ನನ್ನತ್ತ ತಿರುಗಿದರು. ನಾನು ಒಳಗೆ ಹೋಗಿ ಚೀಲ ತಡಕಿದೆ. ಕೈಗೆ ಸಿಗಲಿಲ್ಲ. ಎಲ್ಲವನ್ನೂ ನೆಲಕ್ಕೆ ಸುರಿದು ಹುಡುಕಬಹುದಿತ್ತು. ಸುರಿಯಲಿಲ್ಲ—ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ, ಕ್ರೈಸ್ತರು ಮಗುವಿನ ಕೊರಳಿನ ಲಿಂಗ ಬಿಚ್ಚಿಸಿದರು ಎಂದು ಊರೆಲ್ಲ ಆಡಿಕೊಂಡರೆ ರಜಾ ಶಾಲೆಯ ಗತಿಯೇನು, ಅಯ್ಯನವರು ಮುಖ ಎಲ್ಲಿಟ್ಟುಕೊಳ್ಳುವುದು, ಆ ಬೀದಿಗಳಲ್ಲಿ ಇನ್ನು ಯಾರು ನನಗೆ ಬಾಗಿಲು ತೆರೆದಾರು... ಹೊಸ್ತಿಲು ದಾಟಿ ಹೊರಗೆ ಬರುವಷ್ಟರಲ್ಲಿ ಲೆಕ್ಕಾಚಾರ ಮುಗಿದಿತ್ತು.

“ನನ್ನ ಕೈಲಿ ಕೊಟ್ಟಿಲ್ಲ ಸಾರ್. ಇಲ್ಲಿಗೆ ಬರೋವಾಗ್ಲೇ ಅವಳ ಕುತ್ತಿಗೇಲಿ ಇರ್ಲಿಲ್ಲ.”

ಮೊದಲ ಮಾತು ಹೆದರಿಕೆಯಿಂದ ಬಂತು. ಎರಡನೆಯದು ಹಾಗೆ ಬಂದದ್ದಲ್ಲ. ಗಿರಾಕಿಗೆ ಅನುಮಾನ ಉಳಿಯಬಾರದೆಂದು ಇನ್ನೊಂದು ಮಾತು ಸೇರಿಸುವ ಅಭ್ಯಾಸವಿದೆಯಲ್ಲ—ಅಲ್ಲಿಂದ ಬಂತು. ನೀಲಾ ಅಳಲಿಲ್ಲ. ದೊಡ್ಡವರು ಹೀಗೂ ಮಾಡುತ್ತಾರೆಯೇ ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅಯ್ಯನವರು ಅವಳ ತಲೆ ಸವರಿ, ನಿಜ ಹೇಳು ಮಗು, ಯಾರೂ ಹೊಡೆಯುವುದಿಲ್ಲ ಎಂದರು. “ಅಕ್ಕನ ಕೈಲಿ ಕೊಟ್ಟೀನಿ” ಎಂದಳು. ಮತ್ತೆ ಕೇಳಿದರೂ ಅದನ್ನೇ ಹೇಳಿದಳು. ಅಜ್ಜಿ ನನ್ನ ಮುಖ ನೋಡಿದರು, ಮೊಮ್ಮಗಳ ಮುಖ ನೋಡಿದರು. ಕೊನೆಗೆ ನನ್ನನ್ನು ನಂಬಿದರು.

ಆ ವಾರ ಬಾಪೂಜಿನಗರದ ಒಂದು ಮನೆಯ ಜಗುಲಿಯಲ್ಲಿ ಬಟ್ಟೆ ಬಿಡಿಸಿ ತೋರಿಸುವಾಗ ಬಿಳಿ ತುಂಡಿನ ಮಡಿಕೆಯಿಂದ ಕರಡಿಗೆ ನನ್ನ ಮಡಿಲಿಗೆ ಬಿತ್ತು. ಎದ್ದು ಓಡಬೇಕಿತ್ತು. ಹೊಸಹಳ್ಳಿ ಎಷ್ಟು ದೂರ! ಬಟ್ಟೆಯಲ್ಲಿ ಸಿಕ್ಕಿಕೊಂಡಿತ್ತು ಅಜ್ಜಿ, ಮರೆತಿದ್ದೆ, ಮಗು ಹೇಳಿದ್ದೇ ನಿಜ—ಇಷ್ಟೇ ಮಾತು. ಆದರೆ ‘ಬರುವಾಗಲೇ ಇರಲಿಲ್ಲ’ ಎಂದಿದ್ದೆನಲ್ಲ. ಮರೆತೆ ಎಂದು ಹೇಳುವ ದಾರಿಯನ್ನು ಆ ಎರಡನೆಯ ಮಾತಿನಿಂದ ನಾನೇ ಮುಚ್ಚಿದ್ದೆ. ನೀಲಾಳ ಮನೆಯ ಜಗುಲಿಯ ಮೇಲೆ ಯಾರೂ ಕಾಣದಂತೆ ಇಟ್ಟು ಬರಲೇ ಎಂದೂ ಯೋಚಿಸಿದೆ. ಸಿಕ್ಕಿಬಿದ್ದರೆ?

ಕೆಂಗೇರಿಯ ಆಚೆ ಒಂದು ಚಿಕ್ಕ ಮಠವಿತ್ತು. ಬಸ್ಸು ಹತ್ತಿ ಹೋಗಿ, ಬಾಗಿಲಲ್ಲಿದ್ದ ಮುದುಕರೊಬ್ಬರಿಗೆ ಅದನ್ನು ಕೊಟ್ಟು, ದಾರಿಯಲ್ಲಿ ಸಿಕ್ಕಿತು ಎಂದೆ. ಅವರು ಕೈ ತೊಳೆದು ಬಂದು ತೆಗೆದುಕೊಂಡರು.

“ಯಾರೋ ಊಟ ಬಿಟ್ಟು ಹುಡುಕ್ತಿರ್ತಾರೆ ತಾಯಿ. ಯಾವ ದಾರೀಲಿ ಸಿಕ್ತು?”

ಹೊಸಹಳ್ಳಿ ಎಂದಿದ್ದರೆ ಅವರು ವಿಚಾರಿಸಿ ತಲುಪಿಸುತ್ತಿದ್ದರು. ನಾನು ಬಿಡದಿ ಹತ್ತಿರ ಎಂದೆ.

ಅತ್ತ ಆ ಮನೆಯಲ್ಲಿ ಏನಾಗುತ್ತಿತ್ತೆಂದು ನನಗೆ ತಿಳಿದದ್ದು ಒಂದು ತಿಂಗಳ ಮೇಲೆ, ತಾಯಿಯೇ ಬಟ್ಟೆಗೆಂದು ಹೇಳಿಕಳಿಸಿದಾಗ. ಹೊಸ ಲಿಂಗ ಕಟ್ಟಿಸಬೇಕು, ಊರಿನಿಂದ ಗುರುಗಳು ಬರುತ್ತಾರೆ, ಮಗುವಿಗೆ ಹೊಸ ಲಂಗ ಬೇಕು ಎಂದರು. ಬಟ್ಟೆ ಆರಿಸುತ್ತಾ ಎಲ್ಲ ಹೇಳಿದರು. ನಿಜ ಒಪ್ಪಿಕೊಳ್ಳುವವರೆಗೆ ಹೊಸ ಲಿಂಗ ಕಟ್ಟಿಸಕೂಡದು, ಸುಳ್ಳಾಡಿದ ಕೊರಳಿಗೆ ಶಿವ ಬರುವುದಿಲ್ಲ ಎಂದು ಅಜ್ಜಿ ಪಟ್ಟು ಹಿಡಿದಿದ್ದರಂತೆ. ಲಿಂಗವಿಲ್ಲದ ಮಗು ಪಂಕ್ತಿಯಲ್ಲಿ ಕೂರುವಂತಿಲ್ಲ. ಹಿತ್ತಲ ಕಟ್ಟೆಯ ಮೇಲೆ ತಟ್ಟೆ. ಅಷ್ಟು ದಿನವೂ ಅವಳು ‘ಅಕ್ಕನ ಕೈಲಿ ಕೊಟ್ಟೀನಿ’ ಎಂದೇ ಹೇಳಿದಳಂತೆ.

“ಅಂತೂ ಮೊನ್ನೆ ಒಪ್ಕಂಡ್ಲು ನೋಡ್ರಿ. ಆಡ್ತಾ ಆಡ್ತಾ ಬಾವ್ಯಾಗೆ ಒಗ್ದೆ ಅಂದ್ಲು.”

ಪಂಕ್ತಿಗೆ ಮರಳಲು, ಅಜ್ಜಿಯ ಪಕ್ಕ ಕೂರಲು ಆ ಮಗುವಿಗೆ ಉಳಿದಿದ್ದ ದಾರಿ ಒಂದೇ—ನನ್ನ ಹಾಗೆ ಸುಳ್ಳು ಹೇಳುವುದು. ಹೇಳಿದಳು. ತಾಯಿ ಒಳಗಿನಿಂದ ಅವಳನ್ನು ಕರೆದು, ಪಾಪ ಸುಗುಣಕ್ಕನ ಮೇಲೆ ಅಪವಾದ ಹೊರಿಸಿದೆಯಲ್ಲ, ತಪ್ಪಾಯಿತು ಅಂತ ಕೇಳಿಕೋ ಎಂದರು.

ನೀಲಾ ಸೊರಗಿ ಹೋಗಿದ್ದಳು. ಎದುರು ಬಂದು ನಿಂತು, ನನ್ನ ಕಾಲಿನ ಕಡೆ ನೋಡುತ್ತಾ ಕೈಮುಗಿದಳು.

“ತಪ್ಪಾಯ್ತು ಅಕ್ಕ.”

ಆಗಲಾದರೂ— ಕರಡಿಗೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಬಸ್ಸು ಹತ್ತಿದರೆ ಸಂಜೆಯೊಳಗೆ ತರಬಹುದಿತ್ತು.

“ಇರ್ಲಿ ಬಿಡು ಮಗು” ಎಂದೆ.

ನಾನು ಅವಳನ್ನು ಕ್ಷಮಿಸಿದೆ. ಒಳಗಿದ್ದ ಅಜ್ಜಿಗೆ ಅದು ಕೇಳಿಸಿತು. ನನಗೆ ಕುಡಿಯಲು ಮಜ್ಜಿಗೆ ಕಳಿಸಿದರು.

ಹೊಸ ಲಿಂಗ ಬಂತು. ಆಮೇಲೆ ಒಂದು ಬೆಳಿಗ್ಗೆ ಹೋದಾಗ ಅಜ್ಜಿ ದೇವರ ಕೋಣೆಯಲ್ಲಿ ಒಬ್ಬರೇ ಕೂತಿದ್ದರು, ಮಗು ನಡುಮನೆಯ ಮೂಲೆಯಲ್ಲಿ ಒಬ್ಬಳೇ. ಶಿವನ ವಿಷಯದಲ್ಲೂ ಸುಳ್ಳಾಡಿದವಳ ಪಕ್ಕ ಕೂರಲು ಅಜ್ಜಿಗೆ ಮನಸ್ಸು ಒಪ್ಪುವುದಿಲ್ಲವಂತೆ ಎಂದು ತಾಯಿ ತಗ್ಗಿದ ದನಿಯಲ್ಲಿ ಹೇಳಿದರು. ಆ ಮನೆಗೆ ಮತ್ತೆ ಹೋಗಲಾರದೆ ಆ ಬೀದಿಯನ್ನೇ ಬಿಟ್ಟೆ. ಒಂದೆರಡು ವರ್ಷದಲ್ಲಿ ಅವರು ಮಂಡಿ ಮುಚ್ಚಿ ದಾವಣಗೆರೆಗೆ ಹೊರಟುಹೋದರು.

ನನ್ನ ವ್ಯಾಪಾರ ಬೆಳೆಯಿತು. ವಿಜಯನಗರದಲ್ಲಿ ಬಟ್ಟೆ ಅಂಗಡಿಯಾಯಿತು. ರಜಾ ಶಾಲೆಯ ಸೇವೆಯನ್ನು ಒಂದು ಬೇಸಿಗೆಯೂ ತಪ್ಪಿಸಲಿಲ್ಲ. ಅದು ಭಕ್ತಿಯೋ ಸಾಲ ತೀರಿಸುವ ಕಳ್ಳ ಉಪಾಯವೋ ನನಗೇ ಗೊತ್ತಿಲ್ಲ. ಈಗ ಹೊಸದಾಗಿ ಸೇವೆಗೆ ಬರುವ ಹುಡುಗ ಹುಡುಗಿಯರಿಗೆ ಬುದ್ಧಿ ಹೇಳಲು ನನ್ನನ್ನೇ ಕೂರಿಸುತ್ತಾರೆ. ಬನ್ನನ್ನು ಹಿಂದಿನ ದಿನವೇ ತರಿಸಬೇಡಿ, ಸಣ್ಣ ಮಕ್ಕಳನ್ನು ಬಾಗಿಲ ಹತ್ತಿರ ಕೂರಿಸಬೇಡಿ ಎಂದೆಲ್ಲ ಹೇಳುತ್ತೇನೆ. ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ, ಕೇಳಿ. ಮಗುವಿನ ಕೊರಳಲ್ಲಿ ಅವರ ಮನೆಯವರು ಕಟ್ಟಿದ್ದು ಏನೇ ಇರಲಿ, ಅದಕ್ಕೆ ಕೈಹಾಕಬೇಡಿ. ಮಗು ಒಂದು ಮಾತು ಹೇಳಿ, ದೊಡ್ಡವರು ಇನ್ನೊಂದು ಹೇಳಿದರೆ, ದೊಡ್ಡವರ ಚೀಲವನ್ನು ಮೊದಲು ನೆಲಕ್ಕೆ ಸುರಿಯಿರಿ.

ಹೋದ ತಿಂಗಳು ಅಂಗಡಿಗೆ ಬಂದ ದಾವಣಗೆರೆಯ ಗಿರಾಕಿಯೊಬ್ಬರು ಮಾತಿಗೆ ಮಾತು ಬಂದು ಆ ಮನೆತನದ ಸುದ್ದಿ ಹೇಳಿದರು. ನೀಲಾ ಅಲ್ಲೇ ಇದ್ದಾಳೆ, ತಮ್ಮನ ಮನೆಯ ಹತ್ತಿರವೇ, ಮೊಮ್ಮಕ್ಕಳಾಗಿವೆ. ಹೋಗುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ, ಮನೆಗೆ ಬಂದ ಮುದುಕಿಗೆ ಇಲ್ಲವೆನ್ನಲಾಗದೆ ಅವಳು ಕೊಟ್ಟಾಳು. ಅವಳಿಂದ ಇನ್ನೇನನ್ನೂ ಪಡೆಯುವ ಇಷ್ಟ ನನಗಿಲ್ಲ. ಅವಳ ತಮ್ಮ, ಮಕ್ಕಳು, ಸೊಸೆಯಂದಿರು ಎಲ್ಲರನ್ನೂ ನಡುಮನೆಗೆ ಕರೆಸಿ, ಅವರ ಎದುರು ಹೇಳುತ್ತೇನೆ—ಲಿಂಗ ನನ್ನ ಕೈಯಲ್ಲೇ ಇತ್ತು, ಈಕೆ ಬಾವಿಗೆ ಎಸೆಯಲಿಲ್ಲ, ಎಸೆದೆ ಎಂದದ್ದು ನನ್ನಿಂದಾಗಿ.

ಹೇಳುತ್ತೇನೆ, ಅವರು ಕೇಳುತ್ತಾರೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತಂತೆ.